ಟೋಪಿ ಹೊಲಿಯುವ ಮಗಳಿಗೆ ದೊಡ್ಡಮ್ಮನ ಪತ್ರ

ಚಿ. ಮೇಘಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಫೋಟೋ ನೋಡಿದೆ. ಬಣ್ಣ ಚೆನ್ನಾಗಿ ಆರಿಸಿದ್ದೀಯ, ಲೇಸೂ ಒಪ್ಪುತ್ತದೆ. ಆದರೆ ಟೋಪಿ ತಲೆ ಮೇಲೆ ಕೂತಿಲ್ಲ. ಹಣೆಯ ಹತ್ತಿರ ಬಿಗಿ, ಕಿವಿಯ ಪಕ್ಕ ಸಡಿಲ, ಅಂಚು ಅಲೆಅಲೆಯಾಗಿ ಎದ್ದಿದೆ. ನಿನ್ನ ಹೊಲಿಗೆ ನೇರವಾಗಿಯೇ ಇದೆ ಮಗಳೇ. ತಪ್ಪು ಆಗಿರುವುದು ಮಿಷನ್ ಮುಂದೆ ಕೂರುವ ಮೊದಲು, ಕಾಗದದ ಮೇಲೆ ಮತ್ತು ಕತ್ತರಿ ಆಡಿಸುವಾಗ. ಲೇಸು, ಹೂವು ಎಲ್ಲ ಸದ್ಯಕ್ಕೆ ಬದಿಗಿಡು. ಬಿಸಿಲಿಗೆ ಹಾಕುವ ಹತ್ತಿ ಟೋಪಿಯನ್ನು ಮೊದಲಿಂದ ಹೇಗೆ ಮಾಡಬೇಕೆಂದು ಬರೆಯುತ್ತೇನೆ.

ಅಳತೆ ತೆಗೆಯುವಾಗ ಟೇಪಿನ ಸೆಂಟಿಮೀಟರ್ ಬದಿಯನ್ನೇ ಬಳಸು. ಬ್ಲೌಸಿನಲ್ಲಿ ಕಾಲು ಇಂಚು ನಡೆದುಹೋಗುತ್ತದೆ, ಟೋಪಿಯಲ್ಲಿ ನಡೆಯುವುದಿಲ್ಲ. ಹಣೆಯ ನಡುಮಧ್ಯ, ಕಿವಿಯಿಂದ ಒಂದು ಬೆರಳು ಮೇಲೆ, ಹಿಂದೆ ತಲೆಬುರುಡೆ ಉಬ್ಬಿರುವ ಜಾಗ, ಈ ಮೂರನ್ನೂ ಮುಟ್ಟಿಕೊಂಡು ಟೇಪು ಸುತ್ತಬೇಕು. ದಿನಾ ಕೂದಲು ಹೇಗೆ ಕಟ್ಟುತ್ತೀಯೋ ಹಾಗೇ ಕಟ್ಟಿಕೊಂಡು ಅಳೆ. ನಿನ್ನ ತಲೆ 57 ಸೆಂ.ಮೀ. ಎಂದಿದ್ದೀಯ. ಅದಕ್ಕೆ 1 ಸೆಂ.ಮೀ. ಸಡಿಲ ಸೇರಿಸಿ 58ಕ್ಕೆ ಕತ್ತರಿಸು. (ಹೊರದೇಶದವರು ಟೋಪಿಗೆ ನಂಬರ್ ಹೇಳಿದರೆ ಗಾಬರಿಯಾಗಬೇಡ. ತಲೆಯ ಅಡ್ಡಗಲವನ್ನು ಇಂಚಿನಲ್ಲಿ ಹೇಳುವ ಹಳೆಯ ಲೆಕ್ಕ ಅದು. 57 ಸೆಂ.ಮೀ. ತಲೆಗೆ ಬ್ರಿಟನ್ನಿನಲ್ಲಿ 7 ನಂಬರ್ ಎನ್ನುತ್ತಾರೆ.)

ಈಗ ಮುಖ್ಯ ವಿಷಯ. ನೀನು ಕೈವಾರದಲ್ಲಿ ಗುಂಡಗೆ ವೃತ್ತ ಎಳೆದಿದ್ದೀಯ. ತಲೆ ಗುಂಡಗಿಲ್ಲ, ಹಿಂದುಮುಂದಿನ ಉದ್ದ ಅಗಲಕ್ಕಿಂತ ಮೂರೂವರೆ ಸೆಂಟಿಮೀಟರಿನಷ್ಟು ಜಾಸ್ತಿ. ಹಣೆಯಲ್ಲಿ ಬಿಗಿ, ಕಿವಿಯ ಬಳಿ ಸಡಿಲ ಆಗಿದ್ದು ಅದಕ್ಕೇ. 58 ಸುತ್ತಳತೆಗೆ 20.2 ಉದ್ದ, 16.6 ಅಗಲದ ಅಂಡಾಕಾರ ಬೇಕು. ಅದನ್ನು ಬರೆಯಲು ದಪ್ಪ ರಟ್ಟಿನ ಮೇಲೆ ಎರಡು ಗುಂಡುಸೂಜಿಗಳನ್ನು 11.5 ಸೆಂ.ಮೀ. ದೂರದಲ್ಲಿ ಚುಚ್ಚು. ಗಂಟು ಹಾಕಿದ ಮೇಲೆ ಒಟ್ಟು ಸುತ್ತು 31.7 ಸೆಂ.ಮೀ. ಬರುವಂತೆ ಒಂದು ದಾರದ ಕುಣಿಕೆ ಮಾಡಿ ಎರಡೂ ಸೂಜಿಗೆ ಹಾಕು. ಪೆನ್ಸಿಲ್‌ನಿಂದ ದಾರ ಬಿಗಿಯಾಗಿ ಎಳೆದುಕೊಂಡೇ ಸುತ್ತ ಬಾ. ದಾರ ಹಿಗ್ಗುವಂಥದ್ದಾಗಿರಬಾರದು.

ನೆತ್ತಿಯ ತುಂಡು ಇದಕ್ಕಿಂತ ಚಿಕ್ಕದು, 18.8ಕ್ಕೆ 15.5. ಅದರ ಸುತ್ತಳತೆ 54 ಬರುತ್ತದೆ. ನಡುವಿನ ಪಟ್ಟಿ 8.5 ಎತ್ತರ, ಕೆಳಗೆ 58, ಮೇಲೆ 54. ಇದನ್ನು ನೇರ ಆಯತವಾಗಿ ಕತ್ತರಿಸಿದರೆ ಟೋಪಿ ಡಬ್ಬಿಯ ಹಾಗೆ ನಿಲ್ಲುತ್ತದೆ. ಕಾಗದದ ಆಯತಕ್ಕೆ ಮೇಲಿಂದ ಎಂಟು ಸೀಳು ಕೊಟ್ಟು, ಕೆಳಗೆ ಎಳೆಯಷ್ಟು ಬಿಟ್ಟು, ಪ್ರತಿ ಸೀಳನ್ನೂ ಮೇಲ್ಗಡೆ ಅರ್ಧ ಸೆಂಟಿಮೀಟರ್ ಒಂದರ ಮೇಲೊಂದು ಏರಿಸಿ ಅಂಟಿಸು.

ಅಂಚಿಗೂ ಇದೇ ಉಪಾಯ. ಅಂಡಾಕಾರದ ಸುತ್ತ 7.5 ಸೆಂ.ಮೀ. ಅಗಲ ಬಿಟ್ಟು ಹೊರಗೆರೆ ಎಳೆದರೆ ಹೊರಸುತ್ತು 105 ಆಗುತ್ತದೆ. ಹಾಗೇ ಹೊಲಿದರೆ ಊಟದ ತಟ್ಟೆಯಂತೆ ಚಪ್ಪಟೆ, ಕತ್ತಿನ ಹಿಂದೆ ನೆರಳೇ ಬೀಳದು. ಹಿಂಭಾಗದ ಮಧ್ಯದಲ್ಲಿ ಕಾಗದ ಪೂರ್ತಿ ಕತ್ತರಿಸಿ ಬಿಡಿಸು. ಆಮೇಲೆ ಹೊರಗಿನಿಂದ ಒಳಕ್ಕೆ ಎಂಟು ಸೀಳು ಕೊಟ್ಟು, ಹೊರ ತುದಿಯಲ್ಲಿ ತಲಾ 0.8 ಸೆಂ.ಮೀ. ಏರಿಸಿ ಅಂಟಿಸು. ಅಂಚು ಸುಮಾರು 30 ಡಿಗ್ರಿ ಇಳಿಯುತ್ತದೆ, ಮುಖ, ಕಿವಿ, ಕತ್ತು ಮೂರಕ್ಕೂ ನೆರಳು. ಇನ್ನೂ ಇಳಿಜಾರು ಬೇಕೆಂದರೆ ತಲಾ 1.7 ಏರಿಸು, 45 ಡಿಗ್ರಿಯಷ್ಟಾಗುತ್ತದೆ. ನನ್ನ ಕೇಳಿದರೆ 30 ಸಾಕು, ಅದಕ್ಕಿಂತ ಇಳಿದರೆ ಎದುರಿನವರ ಮುಖ ನೋಡಲು ತಲೆ ಎತ್ತಬೇಕು. ಎಲ್ಲ ಕಡೆ ಹೊಲಿಗೆಗೆಂದು 1 ಸೆಂ.ಮೀ. ಮಾರ್ಜಿನ್ ಕೊಡು. ಮೊದಲು ಹಳೆ ಬೆಡ್‌ಶೀಟಿನಲ್ಲಿ ಕಚ್ಚಾ ಹೊಲಿಗೆ ಹಾಕಿ ತಲೆಗಿಟ್ಟು ನೋಡದೆ ಒಳ್ಳೆ ಬಟ್ಟೆ ಮುಟ್ಟಬೇಡ.

ಬಟ್ಟೆ 110 ಸೆಂ.ಮೀ. ಪನ್ನದಲ್ಲಿ (ಅಗಲದಲ್ಲಿ) 75 ಸೆಂ.ಮೀ. ಸಾಕು, ಅಸ್ತರಿಗೆ ತೆಳು ಮಲ್ ಬಟ್ಟೆ 40. ದಪ್ಪ ಖಾದಿ ಅಥವಾ ತೆಳು ಕ್ಯಾನ್ವಾಸ್ ಬಟ್ಟೆ ಒಳ್ಳೆಯದು. ಅಂಗಡಿಯಿಂದ ತಂದ ಕೂಡಲೇ ನೆನೆಸಿ ಒಣಗಿಸು. ಹತ್ತಿ ನೂರಕ್ಕೆ ಮೂರು ಕುಗ್ಗಿದರೂ 58 ಇದ್ದದ್ದು 56.3 ಆಗುತ್ತದೆ, ಮೊದಲ ಒಗೆತಕ್ಕೇ ಟೋಪಿ ಹಣೆ ಕಚ್ಚುತ್ತದೆ. ಅಂಚಿನ ಒಳಗೆ ಬಕ್ರಂ (ಗಟ್ಟಿಯಾದ ಒಳಬಟ್ಟೆ) ಹಾಕುವ ಆಸೆ ನಿನಗಿದೆ, ಬೇಡ. ಬಕ್ರಮಿಗೆ ಗಟ್ಟಿತನ ಬರುವುದು ಗಂಜಿಯಿಂದ. ಒಗೆದರೆ ಗಂಜಿ ಕರಗಿ ಅಂಚು ಜೋತುಬೀಳುತ್ತದೆ. ಶರ್ಟ್ ಕಾಲರಿಗೆ ಹಾಕುವ, ಇಸ್ತ್ರಿಗೆ ಅಂಟುವ ನೇಯ್ದ ಕ್ಯಾನ್ವಾಸ್ ಕೇಳಿ ತಾ. ಅದನ್ನೂ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡದೆ ಒಣಗಿಸು. ಅಂಟಿಸುವಾಗ ಇಸ್ತ್ರಿ ಪೆಟ್ಟಿಗೆ ಎಳೆದಾಡಬಾರದು. ಒತ್ತಿ ಹತ್ತು ಸೆಕೆಂಡ್ ಬಿಟ್ಟು ಎತ್ತು, ಪಕ್ಕದ ಜಾಗಕ್ಕೆ ಇಡು. ಪೂರ್ತಿ ಆರುವ ತನಕ ಮಡಚಬೇಡ. ಎಳೆದರೆ ಬಟ್ಟೆ ಒಂದು ಕಡೆ, ಕ್ಯಾನ್ವಾಸ್ ಒಂದು ಕಡೆ ಹೋಗಿ ಗುಳ್ಳೆ ಏಳುತ್ತದೆ.

ಅಂಚು ಅಲೆಅಲೆಯಾಗಲು ಒಂದು ಕಾರಣ ಕ್ರಾಸ್, ಅಂದರೆ ಓರೆ ಎಳೆ. ಬಟ್ಟೆ ಸುತ್ತಾಗಿ ಕತ್ತರಿಸಿದಾಗ ನಾಲ್ಕು ಕಡೆ ಎಳೆ ಓರೆಯಾಗಿ ಬರುತ್ತದೆ, ಅಲ್ಲಿ ಮುಟ್ಟಿದರೆ ಹಿಗ್ಗುತ್ತದೆ. ಕತ್ತರಿಸಿದ ತಕ್ಷಣ ತಲೆಯ ಸುತ್ತಿಗೆ 0.8 ಸೆಂ.ಮೀ. ಒಳಗೆ ಒಂದು ಸಾದಾ ಹೊಲಿಗೆ ಓಡಿಸಿಬಿಡು. ಇಲ್ಲದಿದ್ದರೆ ಕೈಯಲ್ಲಿ ಹಿಡಿದಾಡುವಷ್ಟರಲ್ಲೇ 58 ಇದ್ದದ್ದು 60 ಆಗಿರುತ್ತದೆ.

ಅಂಚಿಗೆ ಎರಡು ಪದರ ಬೇಕು. ಕೆಳಪದರವನ್ನು ಹೊರಸುತ್ತಿನಲ್ಲಿ 2 ಮಿ.ಮೀ. ಚಿಕ್ಕದು ಮಾಡು, ಜೋಡಣೆಯ ಗೆರೆ ಅಡಿಗೆ ಹೋಗಿ ಮರೆಯಾಗುತ್ತದೆ. ಎರಡೂ ಪದರಗಳ ಹಿಂಭಾಗ ಕೂಡಿಸಿ, ಹೊರಗೆ ಕಾಣಬೇಕಾದ ಬದಿಗಳನ್ನು ಎದುರುಬದುರು ಇಟ್ಟು ಹೊರಗೆರೆ ಹೊಲಿ. ಮಾರ್ಜಿನ್ ಒಂದು ಪದರದ್ದು 5, ಇನ್ನೊಂದರದ್ದು 3 ಮಿ.ಮೀ.ಗೆ ಕತ್ತರಿಸಿ ತಿರುವಿ ಇಸ್ತ್ರಿ ಮಾಡು. ಆಮೇಲೆ ಸಾಲು ಹೊಲಿಗೆ: 14 ನಂಬರ್ ಸೂಜಿ, 3 ಮಿ.ಮೀ. ಟಾಕು, ಸಾಲಿನಿಂದ ಸಾಲಿಗೆ 7 ಮಿ.ಮೀ. ಹೊರಗಿನಿಂದ ಶುರುಮಾಡಿ ಒಳಕ್ಕೆ ಬಾ. ಹೊರಗಡೆ ಮುಚ್ಚಿಹೋಗಿದೆ, ಒಳಗಡೆ ತೆರೆದಿದೆ, ಹೆಚ್ಚಾದ ಬಟ್ಟೆ ಒಳಕ್ಕೆ ಸರಿದು ಹೋಗಲು ದಾರಿ ಇರುತ್ತದೆ. ಒಳಗಿನಿಂದ ಹೊರಟರೆ ಅದೇ ಬಟ್ಟೆ ಹೊರ ಅಂಚಿನಲ್ಲಿ ಸಿಕ್ಕಿಕೊಂಡು ಉಬ್ಬುತ್ತದೆ. ಎಲ್ಲ ಸಾಲೂ ಒಂದೇ ದಿಕ್ಕಿಗಿರಲಿ. ಒಂದು ಎಡಕ್ಕೆ ಒಂದು ಬಲಕ್ಕೆ ಹೊಲಿದರೆ ಪದರಗಳು ಓರೆಯಾಗಿ ತಿರುಚಿಕೊಳ್ಳುತ್ತವೆ, ಆಮೇಲೆ ಯಾವ ಇಸ್ತ್ರಿಯಿಂದಲೂ ಸರಿಹೋಗದು.

ನೆತ್ತಿಯನ್ನು ಪಟ್ಟಿಗೆ ಕೂಡಿಸಲು ಎರಡನ್ನೂ ನಾಲ್ಕು ಪಾಲು ಮಾಡಿ ಗುರುತು ಹಾಕು. ಕಚ್ಚು (ಮಾರ್ಜಿನ್‌ನಲ್ಲಿ ಕತ್ತರಿಯ ಚಿಕ್ಕ ಸೀಳು) ಕೊಡುವುದು ಪಟ್ಟಿಗೆ ಮಾತ್ರ, ಒಂದೂವರೆ ಸೆಂಟಿಮೀಟರಿಗೊಂದು. ಪಟ್ಟಿ ಮೇಲಿರುವಂತೆ ಹಿಡಿದು ಹೊಲಿದರೆ ನೆರಿಗೆ ಕಣ್ಣಿಗೆ ಕಾಣುತ್ತಿರುತ್ತದೆ. ಅಸ್ತರಿನ ನೆತ್ತಿ, ಪಟ್ಟಿಯನ್ನೂ ಹೀಗೇ ಕೂಡಿಸಿ ಒಳಗಿಡು. ಅಂಚಿನ ಒಳಸುತ್ತಿಗೂ ಕಚ್ಚು ಕೊಟ್ಟು ಪಟ್ಟಿಗೆ ಸೇರಿಸು.

ಕೊನೆಗೆ ಬೆವರುಪಟ್ಟಿ. ಟೋಪಿಯ ಅಳತೆ ಕಾಯುವುದು ಇದೇ. ಕ್ರಾಸ್ ಕತ್ತರಿಸಿದ ಹತ್ತಿ ಪಟ್ಟಿ, 7 ಅಗಲ, 59.5 ಉದ್ದ. ತುದಿ ಕೂಡಿಸಿದರೆ ಸುತ್ತು 57.5. ಉದ್ದಕ್ಕೆ ಎರಡು ಮಡಿಕೆ ಮಾಡಿ, ತುಸು ಎಳೆದುಕೊಂಡು ಒಳಗೆ ಹೊಲಿದರೆ ಎರಡೂವರೆ ಸೆಂ.ಮೀ. ಪಟ್ಟಿ ಕೂರುತ್ತದೆ, ಹೊಲಿಗೆಯೂ ಮುಚ್ಚುತ್ತದೆ. ನಮ್ಮ ಕಡೆ ತಲೆಗೆ ಕೊಬ್ಬರಿ ಎಣ್ಣೆ ತಪ್ಪದು, ಹಾಗಾಗಿ ಇದಕ್ಕೆ ಗಾಢ ಬಣ್ಣವನ್ನೇ ಆರಿಸು.

ಇಷ್ಟಾದ ಮೇಲೆ ಒಂದು ದಿನ ಪೂರ್ತಿ ಅದನ್ನು ಹಾಕಿಕೊಂಡು ಓಡಾಡು. ಆಳೆತ್ತರದ ಕನ್ನಡಿಯ ಮುಂದೆ ನಿಂತು ನೋಡು, ಮುಖ ಮಾತ್ರ ಕಾಣುವ ಕನ್ನಡಿಯಲ್ಲಿ ಅಂಚಿನ ಅಗಲ ಭುಜಕ್ಕೆ ಒಪ್ಪುತ್ತದೋ ಇಲ್ಲವೋ ಗೊತ್ತಾಗದು. ಹುಬ್ಬಿನಿಂದ ಎರಡು ಬೆರಳು ಮೇಲೆ ಇಟ್ಟು ನೋಡು, ಸ್ವಲ್ಪ ಬಲಕ್ಕೆ ವಾಲಿಸಿ ನೋಡು. ಸರಿಯಾಗಿ ಕೂತ ಟೋಪಿ ಹಾಕಿಕೊಂಡಾಗ ಕತ್ತು ತಾನೇ ನೆಟ್ಟಗಾಗುತ್ತದೆ, ನಡಿಗೆಗೇ ಒಂದು ಗತ್ತು ಬರುತ್ತದೆ. ಆ ಸಂತೋಷ ನಿನಗೆ ಸಿಗಬೇಕು ಎಂದೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಅಲಂಕಾರವನ್ನು ಆಗ ಯೋಚಿಸು. ಪಟ್ಟಿ, ಅಂಚು ಸೇರುವ ಗೆರೆಯ ಮೇಲೆ ಒಂದು ರಿಬ್ಬನ್ ಸಾಕು ಎಂದು ನನ್ನ ಅಭಿಪ್ರಾಯ.

ಉಣ್ಣೆಯ ಫೆಲ್ಟ್ ಟೋಪಿಯ ಬಗ್ಗೆ ಕೇಳಿದ್ದೆ. ಅದರ ದಾರಿಯೇ ಬೇರೆ, ಹಬೆಯಲ್ಲಿ ಮೆದುಮಾಡಿ ಮರದ ಅಚ್ಚಿನ ಮೇಲೆ ಎಳೆದು ಕೂರಿಸುತ್ತಾರೆ. ಪೂರ್ತಿ ಒಣಗುವ ಮೊದಲು ತೆಗೆದರೆ ಹಿಂದಕ್ಕೆ ಕುಗ್ಗುತ್ತದೆ. ಮಳೆಗಾಲದಲ್ಲಿ ಅದಕ್ಕೆ ಕೈ ಹಾಕಬೇಡ. ಬೇಕಾದರೆ ಕರಾವಳಿಗೆ ಹೋದಾಗ ಅಡಿಕೆ ಹಾಳೆಯ ಟೋಪಿ ಮುಟ್ಟಾಳೆಯನ್ನು ಕೈಯಲ್ಲಿ ಹಿಡಿದು ನೋಡು. ಒಣಗಿದ ಹಾಳೆ ತಾನೇ ಗಟ್ಟಿ, ಕ್ಯಾನ್ವಾಸಿನ ಹಂಗೇ ಇಲ್ಲ.

ಟೋಪಿ ಎತ್ತುವಾಗ ನೆತ್ತಿ ಚಿವುಟಬೇಡ, ಎರಡೂ ಕೈಯಲ್ಲಿ ಅಂಚು ಹಿಡಿ. ಇಡುವಾಗ ಅಂಗಾತ ಇಡು, ಅಂಚಿನ ಮೇಲೆ ನಿಲ್ಲಿಸಿದರೆ ಸೊಟ್ಟಗಾಗುತ್ತದೆ. ಎರಡನೆಯದನ್ನು ಅಮ್ಮನಿಗೆ ಹೊಲಿ. ಅವಳದು ತುರುಬು, ಅಳೆಯುವಾಗ ಬಿಚ್ಚಿಸಬೇಡ, ಅಂಚನ್ನು ಹಿಂದೆ ಮಾತ್ರ 6 ಸೆಂಟಿಮೀಟರಿಗೆ ಇಳಿಸು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಕಾಗದದ ತುಂಡುಗಳ ಫೋಟೋ ಕಳಿಸು, ಪಕ್ಕದಲ್ಲಿ ಟೇಪು ಇಟ್ಟು ತೆಗೆ.

ಇಂತಿ,
ನಿನ್ನ ದೊಡ್ಡಮ್ಮ