ತಂಡವನ್ನು ಈಗ ಒಡೆಯಬೇಡ

ಬೈಲಹೊಂಗಲ

ತಮ್ಮಾ, ಕಾಕಾನ ಆಶೀರ್ವಾದಗಳು.

ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಲ್ಲಿ, ಆ ಲೋಹ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಒಂದು ಶಿಫ್ಟ್ ನಿನ್ನ ಕೈಗೆ ಬಂದದ್ದು ಕೇಳಿ ಸಂತೋಷವಾಯಿತು. ಮೊದಲ ತಿಂಗಳು ಎಲ್ಲರೂ ಚೆನ್ನಾಗಿದ್ದರು, ಈಗ ದಿನಾ ಜಗಳ, ಇಬ್ಬರನ್ನು ಬೇರೆ ಶಿಫ್ಟಿಗೆ ಹಾಕಿಬಿಡಲೇ ಅಂತ ಕೇಳಿದ್ದೀಯ. ಬೇಡಪ್ಪಾ. ಮ್ಯಾನೇಜರಿಗೆ ಬರೆದುಕೊಟ್ಟಿದ್ದರೆ ನಾಳೆಯೇ ವಾಪಸ್ ತಗೋ.

ಮೊದಲ ತಿಂಗಳು ನೀನು ಕಂಡದ್ದು ಒಗ್ಗಟ್ಟಲ್ಲ. ಒಬ್ಬರಿಗೊಬ್ಬರ ಗುರುತಿಲ್ಲದೆ ಎಲ್ಲರೂ ಸುಮ್ನೆ ಇದ್ದರು, ಅಷ್ಟೇ. ಅಮೆರಿಕದ ಮನೋವಿಜ್ಞಾನಿ ಬ್ರೂಸ್ ಟಕ್ಮನ್ 1965ರಲ್ಲಿ ಇದನ್ನೇ ಬರೆದರು: ತಂಡ ಮೊದಲು ಕೂಡುತ್ತದೆ, ಆಮೇಲೆ ಕಿತ್ತಾಡುತ್ತದೆ, ಆಮೇಲೆ ತನ್ನದೊಂದು ರೀತಿ ಹಾಕಿಕೊಳ್ಳುತ್ತದೆ. ಕೆಲಸ ಹದಕ್ಕೆ ಬರುವುದು ಅದಾದ ನಂತರ. ಹಾಗಂತ ತಿಂಗಳ ಲೆಕ್ಕ ಇಟ್ಟು ಕಾಯಬೇಡ. ಟಕ್ಮನ್ ಓದಿ ತೂಗಿದ ಅಧ್ಯಯನಗಳಲ್ಲಿ ಮಾನಸಿಕ ಚಿಕಿತ್ಸೆಗೆ ಸೇರಿದ ಗುಂಪುಗಳೇ ಜಾಸ್ತಿ, ಕಾರ್ಖಾನೆಯ ತಂಡಕ್ಕೆ ಅದೇ ಲೆಕ್ಕ ಕೂಡಲಿಕ್ಕಿಲ್ಲ. ಆದರೆ ನೀನು ಇಬ್ಬರನ್ನು ಬದಲಿಸಿದರೆ ಇದೆಲ್ಲಾ ಮತ್ತೆ ಮೊದಲಿಂದ ಶುರುವಾಗುತ್ತದೆ.

ಜಗಳ ಯಾವುದಕ್ಕೆ ಅಂತ ನೋಡು. ಕಾಸ್ಟಿಂಗ್‌ನಲ್ಲಿ ಬ್ಲೋ ಹೋಲ್, ಅಂದರೆ ಗಾಳಿ ತೂತು, ಬಂದರೆ ಲೋಹ ಕರಗಿಸುವ ಫರ್ನೇಸಿನವರು ಮರಳು ಹಸಿ ಇತ್ತು ಅನ್ನುತ್ತಾರೆ, ಮರಳಿನ ಅಚ್ಚು ಮಾಡುವ ಮೋಲ್ಡಿಂಗ್‌ನವರು ಲೋಹದ ಮೇಲೆ ಹಾಕುತ್ತಾರೆ, ಅಲ್ವಾ? ಆ ಪೀಸನ್ನು ಎದುರಿಗಿಟ್ಟು ಇಬ್ಬರನ್ನೂ ಮಾತಾಡಿಸು. ಮರಳಿನ ತೇವ ಯಾರು ನೋಡಬೇಕು, ಯಾವಾಗ ನೋಡಬೇಕು ಎಂಬುದು ಅವರ ಬಾಯಿಂದಲೇ ಬರಲಿ. ಕನ್ನಡ, ಮರಾಠಿ, ಹಿಂದಿ ಮೂರೂ ನಡೆಯುವ ಜಾಗ ಅದು. ಎಲ್ಲರಿಗೂ ತಿಳಿಯಿತಾ ಅಂತ ಕೇಳಿಯೇ ಏಳು.

ಒಗ್ಗಟ್ಟು ಬಂದಮೇಲಿನ ಮಾತು ನನಗೆ ಇನ್ನೂ ಮುಖ್ಯ. ಶಿಕಾಗೊ ಹತ್ತಿರದ ಹಾಥಾರ್ನ್ ಕಾರ್ಖಾನೆಯಲ್ಲಿ 1931-32ರಲ್ಲಿ 14 ಕಾರ್ಮಿಕರ ಒಂದು ತಂಡವನ್ನು ಸಂಶೋಧಕರು ಗಮನಿಸಿದರು. ಟೆಲಿಫೋನ್ ಸ್ವಿಚ್‌ಗಳಿಗೆ ತಂತಿ ಜೋಡಿಸುವ ಕೆಲಸ. ಜಾಸ್ತಿ ಮಾಡಿದರೆ ಕೂಲಿಯೂ ಜಾಸ್ತಿ. ಆದರೂ ದಿನಕ್ಕೆ ಇಷ್ಟೇ ಸಾಕು ಅಂತ ಅವರು ಒಳಗೊಳಗೇ ಗೆರೆ ಹಾಕಿಕೊಂಡಿದ್ದರು. ದಾಟಿದವನ ತೋಳಿಗೆ ಗುದ್ದು ಬೀಳುತ್ತಿತ್ತು. ಜಾಸ್ತಿ ಮಾಡಿ ತೋರಿಸಿದರೆ ನಾಳೆ ದರ ಇಳಿಸುತ್ತಾರೆ ಎಂಬ ಭಯ ಅವರಿಗೆ. ಅವರನ್ನು ಸೋಮಾರಿಗಳು ಅನ್ನಲು ನನಗೆ ಮನಸ್ಸು ಬರುವುದಿಲ್ಲ ತಮ್ಮಾ. ತಮ್ಮತಮ್ಮಲ್ಲಿ ನಂಬಿಕೆ ಇತ್ತು, ಮೇಲಿನವರ ಮೇಲೆ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ, ಒಂದು ವಾರ ಮೋಲ್ಡು ಜಾಸ್ತಿ ಆದವು ಅಂತ ಮರುವಾರವೇ ಟಾರ್ಗೆಟ್ ಏರಿಸಬೇಡ. ಮ್ಯಾನೇಜರ್ ಒತ್ತಾಯ ಮಾಡಿದರೆ ಸ್ವಲ್ಪ ತಡೆಯಿರಿ ಅಂತ ನೀನೇ ಎದುರು ನಿಂತು ಹೇಳು. ಅದು ಹುಡುಗರ ಕಿವಿಗೆ ಬಿದ್ದೇ ಬೀಳುತ್ತದೆ. ರಿಜೆಕ್ಷನ್ ಇಳಿದ ದಿನ ಯಾರಿಂದ ಇಳಿಯಿತು ಅಂತ ಹೆಸರು ಹಿಡಿದು ಎಲ್ಲರ ಮುಂದೆ ಹೇಳು. ಪೀಸಿನ ಅಂಚು ಉಜ್ಜಿ ಚೊಕ್ಕ ಮಾಡುವ ಫೆಟ್ಲಿಂಗ್‌ನವರನ್ನು ಮರೆಯಬೇಡ, ಅವರನ್ನು ಯಾರೂ ನೆನೆಸುವುದಿಲ್ಲ.

ನಿನ್ನ ಕಾಕಾ