‘ಮೌಂಟ್ ಕುಕ್’ ಅಷ್ಟೇ ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ಸ್ಪರ್ಧಾತ್ಮಕ ಪರೀಕ್ಷೆಗೆಂದು ಮಾರುವ ಸಾಮಾನ್ಯ ಜ್ಞಾನದ ಕೆಲವು ಪುಸ್ತಕಗಳಲ್ಲಿ ನ್ಯೂಜಿಲೆಂಡಿನ ಅತಿ ಎತ್ತರದ ಶಿಖರ ‘ಮೌಂಟ್ ಕುಕ್, 3,764 ಮೀಟರ್’ ಎಂದೇ ಇದೆ. ಹೆಸರು ಅರ್ಧ, ಎತ್ತರ ಹಳೆಯದು. 1991ರ ಡಿಸೆಂಬರ್ 14ರಂದು ತುದಿಯ ಬಂಡೆ, ಹಿಮ ಕುಸಿದು ಸುಮಾರು 10 ಮೀಟರ್ ಹೋಯಿತು. ಉಳಿದ ಹಿಮವೂ ಸವೆಯುತ್ತ ಬಂದು, 2013ರಲ್ಲಿ ಅಳೆದಾಗ ಸಿಕ್ಕಿದ್ದು 3,724 ಮೀಟರ್.

ಕುಕ್ ಹೆಸರಿಟ್ಟವರು ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಸ್ಟೋಕ್ಸ್, 1851ರಲ್ಲಿ. ಹೆಸರಿನ ಒಡೆಯ, ನಾವಿಕ ಜೇಮ್ಸ್ ಕುಕ್ ಆ ಶಿಖರವನ್ನು ಕಂಡೇ ಇರಲಿಲ್ಲ! 1998ರಲ್ಲಿ ದಕ್ಷಿಣ ದ್ವೀಪದ ಮೂಲನಿವಾಸಿಗಳಾದ ನ್ಗಾಯಿ ತಾಹು ಮಾವೊರಿಗಳ ಜೊತೆಗಿನ ಜಮೀನು ವ್ಯಾಜ್ಯದ ಇತ್ಯರ್ಥದ ಕಾನೂನು ಬಂದ ಮೇಲೆ ಅಧಿಕೃತ ಹೆಸರು ‘ಔರಾಕಿ/ಮೌಂಟ್ ಕುಕ್’ ಆಯಿತು. ಮಾವೊರಿ ಹೆಸರೇ ಮೊದಲು. ಅವರ ಕಥೆಯಲ್ಲಿ ಔರಾಕಿ ಆಕಾಶತಂದೆಯ ಮಗ. ಅವನ ದೋಣಿ ಬಂಡೆಗೆ ಸಿಕ್ಕಿ ವಾಲಿತು, ಮೇಲಿನ ಅಂಚಿಗೆ ಹತ್ತಿದ ಅವನೂ ಅಣ್ಣತಮ್ಮಂದಿರೂ ಕಲ್ಲಾಗಿ ಬೆಟ್ಟಗಳಾದರು, ದೋಣಿಯೇ ದಕ್ಷಿಣ ದ್ವೀಪವಾಯಿತು. ಹೆಸರಲ್ಲೇ ದೋಣಿ ಇರುವ ದೋಣಿಮಲೈ ಬೆಟ್ಟದ ಪಕ್ಕದಲ್ಲಿರುವ ನಮಗೆ ಇದು ದೂರದ ಮಾತೆನಿಸದು.

‘ಔರಾಂಗಿ’ ಎಂದು ಬರೆದದ್ದು ಕಂಡರೆ ತಪ್ಪೆನ್ನಬೇಡಿ. ಉತ್ತರದ ಮಾವೊರಿಗಳು ‘ಂಗ’ ಎನ್ನುವಲ್ಲಿ ದಕ್ಷಿಣದವರು ‘ಕ’ ಎನ್ನುತ್ತಾರೆ. ನ್ಗಾಯಿ ತಾಹುಗಳು ತಮ್ಮನ್ನೇ ಕಾಯಿ ತಾಹು ಎಂದೂ ಕರೆದುಕೊಳ್ಳುತ್ತಾರೆ. ಬೆಂಗಳೂರಿನ ‘ಇದೆ’ ನಮ್ಮಲ್ಲಿ ‘ಐತಿ’ ಆದಂತೆ. ಔರಾಂಗಿ ರೂಪವೂ ಬೇಕಾದಷ್ಟು ಓಡಾಡಿದೆ. ನ್ಯೂಜಿಲೆಂಡಿನ ಹಡಗು ಸಂಸ್ಥೆ ಯೂನಿಯನ್ ಕಂಪನಿ 1924ರಲ್ಲಿ ಕಟ್ಟಿಸಿದ ಪ್ರಯಾಣಿಕರ ಹಡಗಿನ ಹೆಸರು ಔರಾಂಗಿ. ವಿಂಬಲ್ಡನ್‌ನಲ್ಲಿ ಆಟಗಾರರು ಅಭ್ಯಾಸ ಮಾಡುವ ಜಾಗ ಔರಾಂಗಿ ಪಾರ್ಕ್. ಲಂಡನ್ನಿನ ನ್ಯೂಜಿಲೆಂಡ್ ಸಂಘವೊಂದು ಹಿಂದೆ ಆ ಜಾಗವನ್ನು ಗುತ್ತಿಗೆ ಹಿಡಿದಿತ್ತು. ಔರಾಕಿ ರೂಪದಲ್ಲಿ 1996ರಿಂದ 2008ರವರೆಗೆ ಒಂದು ಸಂಸತ್ ಕ್ಷೇತ್ರವಿತ್ತು, ಟಿಮರು ಊರಲ್ಲಿ ಪಾಲಿಟೆಕ್ನಿಕ್ ಇತ್ತು, 2012ರಿಂದ ನಕ್ಷತ್ರ ನೋಡಲು ಕತ್ತಲೆ ಕಾಯ್ದಿಟ್ಟ ಸೀಮೆಯೂ ಇದೆ. ನ್ಯೂಜಿಲೆಂಡಿನ 5 ಡಾಲರ್ ನೋಟಿನಲ್ಲಿ ಎವರೆಸ್ಟ್ ಏರಿದ ಹಿಲರಿಯ ಪಕ್ಕ ಇರುವ ಬೆಟ್ಟವೂ ಇದೇ.

ನಮ್ಮ ದೋಣಿಮಲೈ ಹೆಸರು ಗಣಿಗೂ ಟೌನ್‌ಶಿಪ್ಪಿಗೂ ಹೋಗಿದೆ. ಹೆಸರು ಉಳಿದು ಬೆಟ್ಟ ಸವೆಯುವುದು ಬೇರೆ ಮಾತು.

2014ರ ನವೆಂಬರ್ 1ರಂದು ಇಂಗ್ಲಿಷಿನ ‘ಬೆಲ್ಲಾರಿ’ ಹೋಗಿ ‘ಬಳ್ಳಾರಿ’ ಬಂತಲ್ಲ, ಆಮೇಲೂ ಹಳೆಯ ಹೆಸರನ್ನೇ ಅಚ್ಚು ಹಾಕಿದರೆ ನಾವು ಸುಮ್ಮನಿರುತ್ತೇವೆಯೇ? ಪ್ರಕಾಶಕರು ಮುಂದಿನ ಮುದ್ರಣದಲ್ಲಿ ‘ಔರಾಕಿ/ಮೌಂಟ್ ಕುಕ್, 3,724 ಮೀ.’ ಎಂದು ತಿದ್ದಲಿ. ಪ್ರಶ್ನೆಪತ್ರಿಕೆ ತೆಗೆಯುವವರು ಎರಡು ಹೆಸರನ್ನೂ ಒಂದೇ ಆಯ್ಕೆಯಲ್ಲಿ ಕೊಡಲಿ. ಬೇರೆ ಬೇರೆ ಆಯ್ಕೆಯಾಗಿ ಕೊಟ್ಟರೆ ಎರಡೂ ಸರಿಯುತ್ತರವಾಗುತ್ತವೆ.

– ಕೆಲವು ಭೂಗೋಳ ಶಿಕ್ಷಕರು, ಬಳ್ಳಾರಿ