ಮಗಳಿಗೊಂದು ಪತ್ರ: ಆ ಸೈಕಲ್ ಕಳುವಾಗಿದ್ದಿಲ್ಲ

ಮಗಳ,

ಊಟ ಆತಾ? ಹಾಸ್ಟೆಲ್‌ನ್ಯಾಗ ನೀರಿನ ತ್ರಾಸ ಐತಿ ಅಂದಿದ್ದಿ, ಈಗ ಹೆಂಗೈತಿ? ಇದನ್ನ ಫೋನ್‌ನ್ಯಾಗ ಹೇಳಾಕ ಹೋದ್ರ ನೀ "ಇರ್ಲಿ ಬಿಡಪ್ಪಾ, ಆಗಿದ್ದಾತು" ಅಂತಿ, ನಾನೂ ಸುಮ್ನಾಗಿಬಿಡ್ತೀನಿ, ಮೂರು ಸಲ ಹಂಗ ಆಗೈತಿ. ಅದಕ್ಕ ಟೈಪ್ ಮಾಡಾಕತ್ತೇನಿ, ಪೂರ್ತಿ ಓದು.

ನೀ ಎಂಟನೇತ್ತಾ ಇದ್ದಾಗ ಸಾಲ್ಯಾಗ ಸರ್ಕಾರದ ಸೈಕಲ್ ಕೊಟ್ಟಿದ್ರಲ್ಲಾ, ಹ್ಯಾಂಡಲ್‌ಗೆ ನೀ ಕೆಂಪು ರಿಬ್ಬನ್ ಕಟ್ಟಿದ್ದಿ, ಅದು ಕಳುವಾಗಿದ್ದಿಲ್ಲ. ನಾ ಮಾರಿದ್ದೆ. ಗುಜರಿ ಅಂಗಡ್ಯಾಗ 800 ರೂಪಾಯಿಗೆ. ಸಂಜಿಗೆ ಕೀಲಿ ಹಾಕ್ದ ಬಿಟ್ಟಿ ಅಂತ ನಿಮ್ಮವ್ವ ನಿನ್ನ ಬಡದ್ಲು, "ನಾ ಕೀಲಿ ಹಾಕೇನಬೇ" ಅಂತ ಅಳ್ಕೋತ ನೀ ಕೀಲಿಕೈ ತೋರಿಸಿದಿ, ನಾ ಬಾಗಿಲದಾಗ ನಿಂತಿದ್ದೆ, ಅದರ ಜೋಡಿ ಕೀಲಿಕೈ ನನ್ನ ಕಿಸೆದಾಗ ಇತ್ತು. ಒಂದ್ ಮಾತೂ ಆಡ್ಲಿಲ್ಲ. ಮರುದಿನದಿಂದ ನೀ ನಡ್ಕೊಂಡು ಸಾಲಿಗೆ ಹೋದಿ.

ಎಪಿಎಂಸ್ಯಾಗ ಉಳ್ಳಾಗಡ್ಡಿ ಚೀಲ ಎತ್ತಾಗ ನಡ ಹಿಡಕೊಂಡಿದ್ದು ನಿನಗ ನೆನಪಿರಬೇಕು. ಟ್ರಮಡಾಲ್ ಗುಳಿಗಿ ಬರದು ಕೊಟ್ರು, ನೋವು ಹೋತು, ಗುಳಿಗಿ ಹೋಗ್ಲಿಲ್ಲ. 2018ರಾಗ ಅದು ಮಾದಕ ವಸ್ತು ಕಾನೂನಿನ ಕೆಳಗ ಬಂತು, ಆಮ್ಯಾಲ ಚೀಟಿ ಇಲ್ದ ಕೊಡಾಕ ಅಂಗಡ್ಯವ್ರು ಹೆದ್ರಾಕತ್ರು, ನಾ ಮಾತ್ರ ನಿಲ್ಲಿಸಲಿಲ್ಲ, ಕದ್ದು ತರೋರ ಕಡೆ ಹೋದೆ, ಅವರು ಹೇಳಿದ ರೇಟ್ ಕೊಟ್ಟೆ. ಒಂದು ಹೊತ್ತು ತಪ್ಪಿದ್ರ ಆಕಳಿಕಿ, ಮೂಗು ಸೋರೋದು, ಮೈಮ್ಯಾಲ ಮುಳ್ಳು, ಹೊಟ್ಟಿ ಕೆಟ್ಟು ಎಲುಬು ಒಳಗಿಂದ ಯಾರೋ ತಿರುವಿದಂಗ. ಇದನ್ನೆಲ್ಲಾ ನೆಪ ಅಂತ ಹೇಳಾಕತ್ತಿಲ್ಲ. ಸೈಕಲ್ ಮಾರಿದ್ದು ಗುಳಿಗಿ ಅಲ್ಲ, ನಾನು.

ಹುಬ್ಬಳ್ಳಿ ಚರ್ಚ್ ಹಾಲ್‌ನ್ಯಾಗ ಶುಕ್ರವಾರ ಶುಕ್ರವಾರ ಕೂಡ್ತೀವಲ್ಲಾ, ಅದು ಚಟ ಬಿಡೋರ ಸೆಲೆಬ್ರೇಟ್ ರಿಕವರಿ ಪದ್ಧತಿ, 1991ರಾಗ ಅಮೇರಿಕಾದ ಸ್ಯಾಡಲ್‌ಬ್ಯಾಕ್ ಚರ್ಚ್‌ನ್ಯಾಗ ಶುರುವಾದದ್ದು. ಬೆಟ್ಟದ ಮ್ಯಾಲಿನ ಪ್ರಸಂಗದಾಗ ಯೇಸುಸ್ವಾಮಿ ಧನ್ಯರು ಧನ್ಯರು ಅಂತ ಹೇಳಿದ್ದರ ಮ್ಯಾಲ ಎಂಟು ತತ್ವ, ಅದರ ಜೋಡಿ ಕುಡಿಯೋದು ಬಿಡೋರ ಸಂಘದ (ಎಎ) ಹನ್ನೆರಡು ಹೆಜ್ಜಿ. ಗಂಡಸ್ರು ಬ್ಯಾರೆ, ಹೆಣ್ಮಕ್ಕಳು ಬ್ಯಾರೆ ಕೂಡ್ತಾರ, ಒಬ್ರು ಮಾತಾಡಾಗ ಇನ್ನೊಬ್ರು ಬುದ್ಧಿ ಹೇಳೂ ಹಂಗಿಲ್ಲ. ಮೊದ್ಲ ಒಂದು ತಿಂಗಳು ನಾ ಬರೇ ನೆಲ ನೋಡ್ಕೋತ ಕುಂತಿದ್ದೆ. ಒಬ್ರು ಹಿರಿಯರು ಡಾಕ್ಟರ್ ಔಷಧ ತಗೊಂಡ್ರ ವಿಶ್ವಾಸ ಕಡಿಮಿ ಐತಿ ಅಂತ ಅರ್ಥ ಅಂದ್ರು, ನಾನೂ ನಂಬಿದ್ದೆ, ಅದು ತಪ್ಪು, ಭಾಳ ದೊಡ್ಡ ತಪ್ಪು. ಪಾಸ್ಟರ್ ತಾವ ಬಸ್ ಹತ್ತಿಸಿ ಧಾರವಾಡದ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್‌ಗೆ ಕರ್ಕೊಂಡು ಹೋಗಿ, ದಾಖಲ್ ಮಾಡಿ, ಹಾಸಿಗಿ ಪಕ್ಕ ಕುಂತು ಪ್ರಾರ್ಥನಾ ಮಾಡಿದ್ರು. ಎರಡೂ ಬೇಕಾತು ನನಗ.

ನಡುವ ಒಮ್ಮೆ ಜಾರಿದ್ದು ನಿನಗ ಯಾರೂ ಹೇಳಿಲ್ಲ. ನಲವತ್ತು ದಿನ ಬಿಟ್ಟಿದ್ದೆ, ಒಂದ್ ದಿನ ಮದ್ಲಿನಷ್ಟ ತಗೊಂಡೆ, ಮೈಗೆ ಅದರ ರೂಢಿ ಹೋಗಿತ್ತು, ತಡಕೊಳ್ಳಾಕ ಆಗ್ಲಿಲ್ಲ, ನಿಮ್ಮವ್ವ ನೋಡಿದಾಗ ತುಟಿ ನೀಲಿ ಆಗಿತ್ತಂತ. ಅದಕ್ಕ ಹೇಳ್ತೀನಿ, ನಾ ಎಬ್ಬಿಸಿದ್ರ ಏಳ್ಲಿಲ್ಲ, ಉಸಿರು ಸಾವಕಾಶ ಆತು ಅಂದ್ರ ಮಲಗ್ಲಿ ಬಿಡು ಅನ್ನಬ್ಯಾಡ್ರಿ, 108ಕ್ಕ ಫೋನ್ ಮಾಡ್ರಿ. ರೊಕ್ಕ ಕೇಳಿದ್ರ ಎಷ್ಟ ಅತ್ರೂ ಕೊಡಬ್ಯಾಡ. ಈಗ ಮೂರು ವರ್ಷ ಆತು, ಆದ್ರೂ ಹೇಳಾಕತ್ತೇನಿ.

ಎಂಟನೇ ಹೆಜ್ಜ್ಯಾಗ ಯಾರ್ಯಾರಿಗೆ ಕೇಡು ಮಾಡೀವಿ ಅವರ ಹೆಸರು ಬರೀಬೇಕು. ನಿನ್ನ ಹೆಸರು ಮೊದ್ಲ ಬರದೆ. ಒಂಬತ್ತನೇದು ಅವರ ಮುಂದ ಹೋಗಿ ಸರಿ ಮಾಡೋದು, ಆದ್ರ ಹೇಳೋದ್ರಿಂದ ಅವರಿಗೇ ಪೆಟ್ಟಾಗೂ ಹಂಗಿದ್ರ ಬ್ಯಾಡ ಅಂತೈತಿ. ಇದರಾಗ ಭಾಳ ದಿನ ಸಿಕ್ಕೊಂಡಿದ್ದೆ, ನನ್ನ ಎದಿ ಹಗುರ ಮಾಡ್ಕೊಳ್ಳಾಕ ನಿನ್ನ ಎದಿ ಮ್ಯಾಲ ಹೇರಾಕತ್ತೇನೇನು ಅಂತ. ಆದ್ರ ಹೋದ ದೀಪಾವಳಿ ಸೂಟ್ಯಾಗ ನೀ ತಮ್ಮಗ "ಕೀಲಿ ಹಾಕಿ ಎರಡು ಸಲ ಜಗ್ಗಿ ನೋಡು, ನಾ ಒಮ್ಮೆ ಮರ್ತಿದ್ದೆ" ಅಂದಿ. ನೀ ಮರ್ತಿದ್ದಿಲ್ಲವಾ. ಇಷ್ಟು ವರ್ಷ ನೀನೂ ಅದನ್ನ ನಂಬಿಬಿಟ್ಟಿ ಅಂತ ಅವತ್ತು ಗೊತ್ತಾತು, ಆ ರಾತ್ರಿ ನನಗ ನಿದ್ದಿ ಬರ್ಲಿಲ್ಲ.

ಬೈಬಲ್‌ನ್ಯಾಗ ಸುಂಕದ ಜಕ್ಕಾಯ ಮೋಸ ಮಾಡಿ ತಗೊಂಡಿದ್ದಕ್ಕ ನಾಕರಷ್ಟು ತಿರುಗಿ ಕೊಡ್ತೀನಿ ಅಂದಾ. 3200 ನಿನ್ನ ಅಕೌಂಟಿಗೆ ಹಾಕೇನಿ. ನೀ ತಿಂದ ಏಟಿಗೆ ನನ್ನ ಕಡೆ ಲೆಕ್ಕ ಇಲ್ಲ. ತಪ್ಪಾತವಾ. ಕ್ಷಮಾ ಮಾಡೇನಿ ಅಂತ ಲಗೂನ ಹೇಳಬ್ಯಾಡ, ಸಿಟ್ಟು ಬಂದ್ರ ಬರ್ಲಿ, ಬೈ ಅನಿಸಿದ್ರ ಬೈ.

ಐತವಾರ ಚರ್ಚ್‌ನಿಂದ ಬಂದು ನಿಮ್ಮವ್ವಗೂ ಹೇಳಿದೆ. ಆಕಿ ಏನೂ ಅನ್ಲಿಲ್ಲ, ರೊಟ್ಟಿ ಬಡ್ಕೋತ ಕುಂತ್ಲು, ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ "ನಾ ಆಕಿನ್ನ ಬೆಲ್ಟ್‌ಲೆ ಬಡದಿದ್ದೆ" ಅಂತ ಒಂದ ಮಾತು ಅಂದ್ಲು. ಇವತ್ತ ಎಂಟಕ್ಕ ಆಕಿ ಫೋನ್ ಮಾಡ್ತಾಳ, ಏನ್ ಮಾತಾಡ್ತಾಳೋ ಗೊತ್ತಿಲ್ಲ, ಬರೇ ಅಳಬಹುದು. ಕ್ಲಾಸ್ ಇದ್ರೂ ಎತ್ತು.

ನಿನ್ನ ಅಪ್ಪ